ಸ್ಪ್ಯಾಮಿಗೂ ರಾಂಗ್ ನಂಬರ್ ಅನ್ನುತ್ತಿದ್ದ ಅಕ್ಕ

ಅಕ್ಕನ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಮೇಲಿನ ಅಂಚು ತಲೆಗೆ ಒತ್ತಿಕೊಂಡು, ಯಾರೋ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ ಕಾಣುತ್ತಿತ್ತು. ಅದರ ಮೇಲೆ ಕೂದಲಲ್ಲೂ ಒಂದು ತಗ್ಗು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಅಲ್ಲಿ ಕೂದಲು ಎದ್ದು ನಿಲ್ಲುತ್ತಿರಲಿಲ್ಲ. ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಯೌವನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರ ಗುರುತು ಅದು. ಹಣೆಯ ವಿಭೂತಿಯನ್ನಾದರೂ ದಿನಾ ಹೊಸದಾಗಿ ಹಚ್ಚಿಕೊಳ್ಳಬೇಕು, ಈ ಗುರುತಿಗೆ ಆ ತಾಪತ್ರಯವೂ ಇಲ್ಲವಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಕ್ಕ ನಗುತ್ತ ಆ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾನು ಅವರನ್ನು ಕಾಣುವ ಹೊತ್ತಿಗೆ ಎಕ್ಸ್‌ಚೇಂಜಿನ ಕೆಲಸ ಮುಗಿದು ಬಹಳ ಕಾಲವಾಗಿತ್ತು. ಸತ್ಯನಾರಾಯಣಪೇಟೆಯ ಮನೆಯಲ್ಲಿ ತಂಗಿಯ ಜೊತೆ ಇದ್ದರು, ನಮ್ಮ ಹಕ್ಕಿ ಬಳಗದ ಮೇಲಿಂಗ್ ಲಿಸ್ಟನ್ನು ನೋಡಿಕೊಳ್ಳುತ್ತಿದ್ದರು, ಬಳಗದವರಿಗೆಲ್ಲ ಅವರು ಅಕ್ಕ. ಮೇಲಿಂಗ್ ಲಿಸ್ಟ್ ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಒಂದೇ ಒಂದು ಇಮೇಲ್ ವಿಳಾಸ. ಅದಕ್ಕೆ ಬರೆದದ್ದು ಬಳಗದ ಎಲ್ಲರಿಗೂ ಹೋಗುತ್ತದೆ, ಹಳೆಯದೆಲ್ಲ ಒಂದು ಕಡೆ ಉಳಿದಿರುತ್ತದೆ, ಅದನ್ನು ಯಾರು ಬೇಕಾದರೂ ತೆಗೆದು ಓದಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹಕ್ಕಿ ನೋಡುವ ಹುಚ್ಚಿನವರು ಇಂಟರ್ನೆಟ್ ಸೆಂಟರುಗಳ ಕಾಲದಲ್ಲಿ ಅದನ್ನು ಶುರು ಮಾಡಿದ್ದರು. ವಾಟ್ಸಾಪ್ ಬಂದ ಮೇಲೆ ಅದು ತಾನಾಗಿಯೇ ನಿಂತುಹೋಗಬೇಕಿತ್ತು. ಅಕ್ಕ ನಿಲ್ಲಲು ಬಿಡಲಿಲ್ಲ.

ಸದಸ್ಯರಾದವರು ಬರೆದದ್ದು ನೇರವಾಗಿ ಎಲ್ಲರಿಗೂ ಹೋಗುತ್ತಿತ್ತು. ಸದಸ್ಯರಲ್ಲದವರೂ ಬರೆಯಬಹುದಿತ್ತು, ಆದರೆ ಅವರದು ಅಕ್ಕನ ಹತ್ತಿರ ತಡೆದು ನಿಲ್ಲುತ್ತಿತ್ತು. ಅಕ್ಕ ಓದಿ ಒಳಗೆ ಬಿಡಬೇಕು, ಇಲ್ಲವೇ ಅಳಿಸಬೇಕು. ತಡೆದು ನಿಂತವುಗಳಲ್ಲಿ ಬಹುಪಾಲು ಸ್ಪ್ಯಾಮು. ನಿಮಗೆ ಲಾಟರಿ ಹೊಡೆದಿದೆ, ಹೊಟ್ಟೆ ಕರಗಿಸಿ, ನಿಮ್ಮ ಖಾತೆ ಇವತ್ತೇ ಮುಚ್ಚಿಹೋಗುತ್ತದೆ, ಯಾವುದೋ ದೇಶದ ವಿಧವೆ ರಾಣಿ ನಿಮ್ಮನ್ನೇ ನಂಬಿದ್ದಾಳೆ. ಇಂಥವುಗಳ ಸಂತೆಯಲ್ಲಿ ಎಲ್ಲೋ ಒಂದು, ಕೊಳಗಲ್ಲಿನ ಹತ್ತಿ ಹೊಲದಲ್ಲಿ ಕಂಡ ಹಕ್ಕಿಯ ಹೆಸರು ಕೇಳಿ ಬರೆದ ಮೇಲು.

ನನ್ನ ಮೊದಲ ಮೇಲೂ ಆ ಸಂತೆಯಲ್ಲೇ ಸಿಕ್ಕಿಕೊಂಡಿತ್ತು. ನಾನು ಪಾರ್ವತಿನಗರದವಳು, ಪಿಯು ಕಾಲೇಜಿನಲ್ಲಿ ಗಣಿತ ಹೇಳುವವಳು. ಹಕ್ಕಿಗಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಮನೆ ಮುಂದಿನ ಬೇವಿನ ಮರದಲ್ಲಿ ಒಂದು ಹಕ್ಕಿ ಬೇಸಿಗೆಯುದ್ದಕ್ಕೂ ಸ್ವರ ಏರಿಸುತ್ತ ಏರಿಸುತ್ತ ಕೂಗಿ, ಉತ್ತರ ಪತ್ರಿಕೆ ನೋಡುವವಳ ತಲೆ ಕೆಡಿಸುತ್ತಿತ್ತು. ಇದನ್ನು ಓಡಿಸುವುದು ಹೇಗೆ ಎಂದು ಸಿಟ್ಟಿನಲ್ಲಿ ಒಂದು ಸಾಲು ಬರೆದು ಆ ವಿಳಾಸಕ್ಕೆ ಕಳಿಸಿದೆ. ಹೆಸರು ಹಾಕಲಿಲ್ಲ. ಸಂಜೆ ಒಂದು ಸಾಲಿನ ಉತ್ತರ ಬಂತು.

“ಈಗ ನೀವು ಕುಂತಲ್ಲಿ ಏನೇನು ಕೇಳಸ್ತೈತಿ?”

ಯಾರೋ ತಲೆಕೆಟ್ಟವರು ಎಂದುಕೊಂಡೆ. ಆದರೂ ಸಿಟ್ಟು ಇಳಿದಿರಲಿಲ್ಲವಾದ್ದರಿಂದ ಉತ್ತರ ಬರೆದೆ: ಕುಕ್ಕರಿನ ಸೀಟಿ, ಪಕ್ಕದ ಮನೆಯ ಟೀವಿ, ಆ ದರಿದ್ರ ಹಕ್ಕಿ, ನಾನು ಹಲ್ಲು ಕಡಿಯುತ್ತಿರುವ ಸದ್ದು. ಬರೆಯುವಾಗ ಒಂದು ಕ್ಷಣ ಕೈ ನಿಂತಿತು. ಅಷ್ಟು ವರ್ಷ ಆ ಮನೆಯಲ್ಲಿದ್ದೂ ಅಲ್ಲಿ ಏನು ಕೇಳಿಸುತ್ತದೆ ಎಂದು ನಾನು ಒಮ್ಮೆಯೂ ಗಮನಿಸಿರಲಿಲ್ಲ. ಮರುದಿನ ನನ್ನ ಸಿಟ್ಟು ಇಡೀ ಬಳಗಕ್ಕೆ ತಲುಪಿತ್ತು. ಹಕ್ಕಿಯ ಹೆಸರು ಹೇಳುವವರು, ಬುದ್ಧಿ ಹೇಳುವವರು ಸಾಲುಗಟ್ಟಿದರು. ಕೆಳಗೆ ಅಕ್ಕನ ಇನ್ನೊಂದು ಸಾಲಿತ್ತು, ಭಾನುವಾರ ಮನೆಗೆ ಬರ್ರಿ, ಒಗ್ಗರಣಿ ಮಿರ್ಚಿ ಮಾಡ್ತೀವಿ ಎಂದು. ಹಕ್ಕಿಗಲ್ಲ, ಒಗ್ಗರಣೆ ಹಾಕಿದ ಮಂಡಕ್ಕಿಗೆ, ಮಿರ್ಚಿ ಭಜಿಗೆ ಹೋದೆ. ಆಮೇಲೆ ಹೆಚ್ಚುಕಡಿಮೆ ಎಲ್ಲ ಭಾನುವಾರಗಳೂ ಆ ಮನೆಯ ಪಡಸಾಲೆಯಲ್ಲೇ ಕಳೆದವು.

ಆ ಪ್ರಶ್ನೆ ಎಲ್ಲಿಂದ ಬಂತೆಂದು ಅಕ್ಕ ಹೇಳಿದ್ದು ಆ ಪಡಸಾಲೆಯಲ್ಲಿ. ಆಪರೇಟರುಗಳೇ ಊರಿಂದೂರಿಗೆ ಲೈನು ಜೋಡಿಸುತ್ತಿದ್ದ ಟ್ರಂಕ್ ಕಾಲಿನ ಕಾಲದಲ್ಲಿ ಲೈನು ಸರಿಯಿದೆಯೇ ಎಂದು ತಿಳಿಯಬೇಕಾದರೆ ಬಳ್ಳಾರಿಯವರು ಸಿರುಗುಪ್ಪದ ಆಪರೇಟರನ್ನು ಹಾಗೆ ಕೇಳುತ್ತಿದ್ದರಂತೆ. ಇಲಾಖೆ ಹೇಳಿಕೊಟ್ಟ ಪದ್ಧತಿಯಲ್ಲ, ತಮ್ಮತಮ್ಮಲ್ಲೇ ಬೆಳೆದದ್ದು. ಆ ಕಡೆಯವಳು ಅಕ್ಕಿ ಗಿರಣಿಯ ಸದ್ದು ಎನ್ನುತ್ತಿದ್ದಳು. ಕುರುಗೋಡಿನವಳು ಯಾರೋ ಕಲ್ಲು ಒಡೆಯುತ್ತಿದ್ದಾರೆ ಎನ್ನುತ್ತಿದ್ದಳು. ಹಾಗೆ ಹೇಳುವಾಗ ತಂತಿಯೊಳಗೆ ಆ ಸದ್ದೂ ಸಣ್ಣಗೆ ಹರಿದು ಬರುತ್ತಿತ್ತಂತೆ. ಸಿರುಗುಪ್ಪದವಳ ಮುಖವನ್ನು ಅಕ್ಕ ಕೊನೆಗೂ ನೋಡಲಿಲ್ಲ. ಅವಳ ಊರಲ್ಲಿ ಮಧ್ಯಾಹ್ನ ಯಾವಾಗ ಗಿರಣಿ ನಿಲ್ಲುತ್ತದೆ, ನಿಂತ ಮೇಲೆ ಎಷ್ಟು ಹೊತ್ತಿಗೆ ಗುಬ್ಬಿಗಳು ಮಾತು ಶುರು ಮಾಡುತ್ತವೆ ಎನ್ನುವುದೆಲ್ಲ ಗೊತ್ತಿತ್ತು. ಅಕ್ಕ ಇದನ್ನೆಲ್ಲ ಕಣ್ಣು ಅರ್ಧ ಮುಚ್ಚಿಕೊಂಡು ಹೇಳುವಾಗ ನನಗೂ ಒಂಥರಾ ಮಂಪರು ಕವಿಯುತ್ತಿತ್ತು. ಹೊರಗೆ ರೈಲು ಹೋದರೆ ಅದೂ ಆ ತಂತಿಯೊಳಗಿಂದಲೇ ಬಂದ ಹಾಗೆ ಅನಿಸುತ್ತಿತ್ತು.

ಅಕ್ಕ ಸ್ಪ್ಯಾಮ್ ನೋಡುತ್ತಿದ್ದ ಬಗೆಯೇ ಬೇರೆ. ಪೂಜೆ ಮುಗಿಸಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಡೆದು ನಿಂತ ಮೇಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಓದಿ, ತಲೆಯನ್ನು ಎಡಕ್ಕೆ ವಾಲಿಸಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಯಾರ್ರೀ ಎಂದು ಕೇಳುತ್ತಿದ್ದರು. ಕನ್ನಡಕ್ಕೆ ಜವಾಬಿಲ್ಲದಿದ್ದರೆ ಎವರಂಡಿ, ಅದಕ್ಕೂ ಇಲ್ಲದಿದ್ದರೆ ಕೌನ್ ಸಾಬ್. ಬಳ್ಳಾರಿಯ ಎಕ್ಸ್‌ಚೇಂಜ್ ಬೋರ್ಡಿನ ಮುಂದೆ ಕೂತವರಿಗೆ ಮೂರೂ ಬೇಕಿತ್ತಲ್ಲ. ಕೊನೆಗೆ ತೀರ್ಪು: “ಲೈನ್ ಐತಿ, ಮನುಷ್ಯಾ ಇಲ್ಲ.” ಮನುಷ್ಯ ಇದ್ದಾನೆ ಅನಿಸಿದರೆ ಒಳಗೆ ಬಿಡುವ ಗುಂಡಿ ಒತ್ತುವಾಗ “ಮಾತಾಡ್ರಿ” ಎನ್ನುತ್ತಿದ್ದರು. ಟ್ರಂಕ್ ಕಾಲ್ ಸಿಕ್ಕಾಗ ಆಪರೇಟರುಗಳು ಹೇಳುತ್ತಿದ್ದ ಮಾತು ಅದು. ಅನುಮಾನ ಬಂದರೆ ಆ ಪ್ರಶ್ನೆ ಕಳಿಸುತ್ತಿದ್ದರು.

ಈಚಿನ ವರ್ಷಗಳಲ್ಲಿ ಯಂತ್ರಗಳೂ ಉತ್ತರ ಬರೆಯಲು ಕಲಿತವು. ನಿಮ್ಮ ಪ್ರಶ್ನೆಯ ಕಥೆ ಮುಗಿಯಿತು ಎಂದು ನಾನು ಹೆದರಿಸಿದೆ. ಒಂದು ದಿನ ಅಂಥದೊಂದು ಬಂದೇಬಿಟ್ಟಿತು: ಹಚ್ಚಹಸಿರು ಗದ್ದೆಗಳ ನಡುವೆ ಹಕ್ಕಿಗಳ ಇಂಪಾದ ಕಲರವ, ತಂಗಾಳಿಯ ಮರ್ಮರ. ನನಗೆ ಚೆನ್ನಾಗಿಯೇ ಇದೆ ಅನಿಸಿತು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಕಲರವ ಯಾರಿಗೆ ಕೇಳಸ್ತೈತಿ ತಂಗಿ? ಕುಂತಲ್ಲಿ ಒಂದರ ಬ್ಯಾಡಾದ ಸದ್ದು ಇರಬೇಕಲ್ಲ. ನಿನಗ ಕುಕ್ಕರ್ ಇತ್ತು.”

ಇಷ್ಟು ಸೂಕ್ಷ್ಮ ಕಿವಿಯ ಹೆಂಗಸಿಗೆ ಒಂದು ಕೆಟ್ಟ ಚಾಳಿಯೂ ಇತ್ತು. ಸ್ಪ್ಯಾಮನ್ನು ಸದ್ದಿಲ್ಲದೆ ಅಳಿಸಬೇಕು, ಅದು ಈ ಕೆಲಸದ ಮೊದಲ ಪಾಠ. ಅಕ್ಕ ಅಳಿಸುತ್ತಿರಲಿಲ್ಲ, ತಿರಸ್ಕರಿಸುತ್ತಿದ್ದರು. ತಿರಸ್ಕರಿಸಿದರೆ ಕಳಿಸಿದವರಿಗೆ ಒಂದು ಸಾಲು ವಾಪಸು ಹೋಗುತ್ತದೆ. ಆ ಸಾಲನ್ನು ಅಕ್ಕ ಬರೆದಿಟ್ಟಿದ್ದರು: “ಕ್ಷಮಿಸಿ, ರಾಂಗ್ ನಂಬರ್. ಇದು ಹಕ್ಕಿ ಬಳಗ.” ಲಾಟರಿಯವನಿಗೂ ಅದು, ವಿಧವೆ ರಾಣಿಗೂ ಅದು. ಹೀಗೆ ಉತ್ತರ ಕೊಟ್ಟರೆ ಇಲ್ಲಿ ಯಾರೋ ಕೂತು ಓದುತ್ತಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ, ಇನ್ನಷ್ಟು ಕಳಿಸುತ್ತಾರೆ ಎಂದು ನಾನು ತಲೆ ಚಚ್ಚಿಕೊಂಡೆ. ಎಷ್ಟೋ ಸಲ ಆ ಉತ್ತರ, ಯಾರ ವಿಳಾಸ ಕದ್ದಿದ್ದಾರೋ ಆ ಪಾಪದವರಿಗೆ ಹೋಗಿ ಬೀಳುತ್ತದೆ ಎಂದೂ ಬಿಡಿಸಿ ಹೇಳಿದೆ. ಹಲೋ ಅಂದವರ ಕಿವಿಯಲ್ಲಿ ಫೋನ್ ಕುಕ್ಕುವ ಅಭ್ಯಾಸ ತಮಗಿಲ್ಲ ಎಂದು ಅಕ್ಕ ಮುಖ ತಿರುಗಿಸಿದರು. ಹಟದಲ್ಲಿ ಅವರನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಅವರ ತಂಗಿ ಒಳಗಿಂದಲೇ, ನೀವು ಹೇಳ್ತಾನ ಇರ್ರಿ, ಆಕಿ ಮಾಡ್ತಾನ ಇರ್ತಾಳ ಎಂದು ಮಿರ್ಚಿ ಕರಿಯುತ್ತಿದ್ದರು.

ಇನ್ನು ಆ ಒಂದು ಸಾಲಿನ ವಿಷಯ ಹೇಳಬೇಕು. ಇಡೀ ಕತೆ ಅದರ ಮೇಲೆಯೇ ನಿಂತಿದೆ.

ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ತುಂಗಭದ್ರೆಗೆ ಇಳಿಯುತ್ತವೆ. ಅವು ಇಳಿದ ದಿನ ಬಳಗಕ್ಕೆ ಒಂದು ಮೇಲ್ ಬರುತ್ತಿತ್ತು. ಮೊದಲ ವರ್ಷ, ಸಿರುಗುಪ್ಪದ ಹತ್ತಿರ ಹೊಳೆಗೆ ಬಾತು ಬಂದವು ಎಂದಿತ್ತಂತೆ. ಆಮೇಲಿನ ವರ್ಷಗಳಲ್ಲಿ ಒಂದೇ ಪದ, “ಬಂದವು.” ಹೆಸರಿಲ್ಲ, ವಿಷಯದ ಸಾಲಿಲ್ಲ, ಪ್ರತಿ ಸಲವೂ ಬೇರೆ ವಿಳಾಸ, ಬಹುಶಃ ಯಾರದೋ ಫೋನ್ ಇಸಿದುಕೊಂಡು ಕಳಿಸುತ್ತಿದ್ದದ್ದು. ಸ್ಪ್ಯಾಮಿನ ಲಕ್ಷಣ ಎಂದು ನಾವು ಏನೇನು ಹೇಳುತ್ತೇವೋ ಅದೆಲ್ಲ ಅದರಲ್ಲಿತ್ತು. ಅಕ್ಕ ಪ್ರತಿ ವರ್ಷವೂ ತಮ್ಮ ಪ್ರಶ್ನೆ ಕಳಿಸುತ್ತಿದ್ದರು. ಪ್ರತಿ ವರ್ಷವೂ ಉತ್ತರವಿಲ್ಲ. ಉತ್ತರ ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವುದು ಅವರದೇ ನಿಯಮ. ಆ ಒಂದು ಪದಕ್ಕೆ ಮಾತ್ರ ಅದನ್ನು ಮುರಿಯುತ್ತಿದ್ದರು. ಗಣಿತದವಳು ಇದನ್ನು ಹೇಗೆ ಸಹಿಸಬೇಕು? ಒಬ್ಬೊಬ್ಬರಿಗೆ ಒಂದೊಂದು ನ್ಯಾಯವೇ ಎಂದು ಜಗಳಕ್ಕೆ ನಿಂತೆ.

“ಉಸುರು ಕೇಳಸ್ತೈತಿ,” ಎಂದರು ಅಕ್ಕ. “ಕೆಲವರು ಫೋನ್ ಹಚ್ಚಿ ಮಾತಾಡಂಗಿಲ್ಲ. ಆದ್ರ ಇರ್ತಾರ.”

ಕಾರ್ತಿಕ ಮುಗಿಯುತ್ತ ಬಂದ ಹಾಗೆ ಅವರು ಆ ಪದಕ್ಕೆ ಕಾಯಲು ಶುರು ಮಾಡುತ್ತಿದ್ದರು. ಹೊರಗೆ ಹೋಗುವುದು ಕಡಿಮೆಯಾಗುತ್ತಿತ್ತು. ಬಂದ ದಿನ ಫೋನ್ ಮಾಡಿ ಬಂದವು ಅಂತ ನೋಡು ತಂಗಿ ಎನ್ನುತ್ತಿದ್ದರು, ತವರಿನವರು ಬಂದಿಳಿದ ಹಾಗೆ.

ಹೋದ ವರ್ಷದ ಮಳೆಗಾಲದಲ್ಲಿ ನಾನು ಹೆದರಿದ್ದೇ ಆಯಿತು. ರಾಂಗ್ ನಂಬರಿನ ಮರ್ಯಾದೆ ಎಲ್ಲೆಲ್ಲಿಗೆ ಮುಟ್ಟಿತೋ ಏನೋ, ಸ್ಪ್ಯಾಮು ಪ್ರವಾಹದ ಹಾಗೆ ನುಗ್ಗಿತು. ಅಕ್ಕ ಬೆಳಿಗ್ಗೆ ಕೂತರೆ ಊಟದ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಸಾಲದ್ದಕ್ಕೆ, ಬಳಗದ ಹಿರಿಯರಾದ ಕುರುಗೋಡಿನ ಮೇಷ್ಟ್ರ ವಿಳಾಸವನ್ನೇ ನಕಲು ಮಾಡಿ ಯಾರೋ ಒಂದು ಮೇಲ್ ಬಿಟ್ಟರು. ಅಪರೂಪದ ಹಕ್ಕಿಯ ಫೋಟೋ, ಇಲ್ಲಿ ಒತ್ತಿ ನೋಡಿ ಎಂದು. ಸದಸ್ಯರ ವಿಳಾಸವಾದ್ದರಿಂದ ಅದು ಎಲ್ಲೂ ತಡೆಯದೆ ಎಲ್ಲರಿಗೂ ಹೋಯಿತು. ಒತ್ತಿದವರ ಖಾತೆಗಳು ಹೋದವು. ಬೈಸಿಕೊಂಡವರು ಮಾತ್ರ ಮೇಷ್ಟ್ರು.

ಮೇಷ್ಟ್ರು ಸಭೆ ಕರೆದರು. ಕುರುಗೋಡಿನ ಬೆಟ್ಟದ ನೆರಳಿನಲ್ಲಿ, ಬಂಡೆಗಳ ಮೇಲೆ ಕೂತು ಮಾತು. ಮೇಷ್ಟ್ರದು ಅನ್ಯಾಯದ ಮಾತಾಗಿರಲಿಲ್ಲ. ಹೊರಗಿನವರ ಮೇಲುಗಳನ್ನು ಪೂರ್ತಿ ನಿಲ್ಲಿಸೋಣ, ಸದಸ್ಯರೆಲ್ಲ ಗುರುತು ಕೊಟ್ಟು ಹೊಸದಾಗಿ ಸೇರೋಣ ಎಂದರು. ನಾನೂ ಕೈ ಎತ್ತಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅಕ್ಕನ ಕಣ್ಣುಗಳು ಕೆಂಪಾಗಿ ಸೊರಗಿದ್ದವು, ಬಲಗಿವಿಯೂ ಮಂದವಾಗಿತ್ತು. ಈ ಚಾಕರಿ ಅವರಿಗೆ ಸಾಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಅಕ್ಕ ಎಲ್ಲರ ಮಾತನ್ನೂ ಎಡಗಿವಿ ಕೊಟ್ಟು ಕೇಳಿಸಿಕೊಂಡರು.

“ಬಾಗಿಲಾ ಹಾಕಿದ್ರ ಆ ಒಂದು ಮನುಷ್ಯಾ ಎಲ್ಲಿಂದ ಬರಬೇಕ್ರಿ?” ಎಂದರು. “ಈ ಚಳಿಗಾಲ ಒಂದು ದಾಟ್ಲಿ. ಆ ಮೇಲ್ ಬರದಿದ್ರ ನೀವು ಹೇಳಿದಂಗ ಮಾಡ್ರಿ. ನಾ ಅಡ್ಡ ಬರಂಗಿಲ್ಲ.”

ಮೇಷ್ಟ್ರು ದೊಡ್ಡ ಮನುಷ್ಯರು. ಆಗಲಿ ಅಕ್ಕಾರ ಎಂದು ಒಪ್ಪಿದರು. ಬಸ್ಸಿನಲ್ಲಿ ವಾಪಸು ಬರುವಾಗ, ಒಂದು ಪದಕ್ಕೋಸ್ಕರ ಇಷ್ಟೊಂದೇಕೆ ಎಂದು ನಾನು ಕೇಳಿದೆ. ಸಿರುಗುಪ್ಪದ ಬೋರ್ಡು ಮುಚ್ಚಿದ ದಿನ, ನಾಳೆಯಿಂದ ನಾನಿಲ್ಲ ಎಂದು ಆ ಆಪರೇಟರು ಹೇಳಲೇ ಇಲ್ಲವಂತೆ. ಎಂದಿನಂತೆ ಗಿರಣಿ ಸದ್ದು ಎಂದಳಂತೆ, ಅಷ್ಟೇ. ಮರುದಿನ ಅಕ್ಕ ಪ್ಲಗ್ ಹಾಕಿದರೆ ಆ ಕಡೆ ಏನೂ ಇಲ್ಲ. ಈ ಬಾತಿನ ಮೇಲ್ ಕಳಿಸುವವರು ಅವಳೇ ಎಂದು ತಾವೇನೂ ತಿಳಿದುಕೊಂಡಿಲ್ಲ, ಅಷ್ಟು ಹುಚ್ಚು ಹಿಡಿದಿಲ್ಲ ಎಂದು ಅಕ್ಕ ಸೇರಿಸಿದರು. ಆ ಕಡೆಯಿಂದ ಒಬ್ಬರು ಹಲೋ ಅನ್ನುತ್ತಿದ್ದಾರೆ, ಈ ಸಲ ಲೈನು ತಮ್ಮ ಕೈಯಿಂದ ಬಿದ್ದುಹೋಗಬಾರದು, ಇಷ್ಟೇ ಎಂದರು. ಕಿಟಕಿಯಾಚೆ ಮೆಣಸಿನಕಾಯಿ ಹೊಲಗಳು ಸರಿಯುತ್ತಿದ್ದವು.

ಚಳಿಗಾಲ ಬಂತು. ಒಂದು ಮಧ್ಯಾಹ್ನ ಮೇಷ್ಟ್ರು ಬಳಗಕ್ಕೆ ಬರೆದರು, ಸಿರುಗುಪ್ಪ ಕಡೆ ಹೋಗಿದ್ದೆ, ಹೆಬ್ಬಾತು ಬಂದಿವೆ ಎಂದು. ಓದಿ ನಾನು ಸತ್ಯನಾರಾಯಣಪೇಟೆಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು, ಮುಖದಲ್ಲಿ ಬಣ್ಣವಿರಲಿಲ್ಲ. ಬಾತು ಬಂದಿದ್ದರೆ ಆ ಮೇಲೂ ಬಂದಿರಬೇಕಲ್ಲ ಎಂದು ಹಿಂದಕ್ಕೆ ಹುಡುಕಿದ್ದರು. ತಡೆದ ಪ್ರತಿಯೊಂದು ಮೇಲಿನ ಸೂಚನೆಯೂ ಅವರ ಸ್ವಂತ ಪೆಟ್ಟಿಗೆಗೆ ಬರುತ್ತಿತ್ತು. ಅಲ್ಲಿ ಸಿಕ್ಕಿತು. ಎರಡು ದಿನದ ಹಿಂದೆ, ವಿಷಯವಿಲ್ಲದ್ದು, “ಬಂದವು.” ಆ ದಿನ ರಾಶಿ ಬಿದ್ದಿದ್ದ ಸ್ಪ್ಯಾಮನ್ನು ಒಂದೊಂದಾಗಿ ಓದಲು ಶಕ್ತಿಯಿಲ್ಲದೆ, ಮೊದಲ ಸಲ, ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿ ತಿರಸ್ಕರಿಸಿದ್ದರು. ನಾನೇ ತೋರಿಸಿಕೊಟ್ಟಿದ್ದ ಉಪಾಯ. ಸದ್ದಿಲ್ಲದೆ ಅಳಿಸಿದ್ದರೆ ಕಳಿಸಿದವರಿಗೆ ತಿಳಿಯುತ್ತಿರಲಿಲ್ಲ. ಅಕ್ಕನ ಮರ್ಯಾದೆಯ ಸಾಲು ಅವರಿಗೂ ಹೋಗಿತ್ತು: ಕ್ಷಮಿಸಿ, ರಾಂಗ್ ನಂಬರ್.

ಆ ವಿಳಾಸಕ್ಕೆ ಅಕ್ಕ ಆಗಲೇ ಬರೆದಿದ್ದರು. ಉತ್ತರ ಬರಲಿಲ್ಲ. ಬರುವುದೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಫೋನು ಯಾರದೋ, ಎಲ್ಲಿಯದೋ. ಅಕ್ಕ ಅವತ್ತು ಅಳಲಿಲ್ಲ. ನಾಳೆ ಸಿರುಗುಪ್ಪಕ್ಕೆ ಹೋಗಾಕಬೇಕು ತಂಗಿ, ರಜಾ ಹಾಕು ಎಂದರು. ಹಾಕಿದೆ.

ಸಿರುಗುಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿದು ಹೊಳೆ ದಂಡೆಗೆ ಹೋದಾಗ ಮಂಜು ಇನ್ನೂ ಹರಿದಿರಲಿಲ್ಲ. ಗದ್ದೆಯ ಕೂಳೆ, ಹೊಳೆ, ಆಚೆಯ ದಡ ಎಲ್ಲ ಒಂದೇ ಬಣ್ಣ. ಎಲ್ಲೋ ಭತ್ತದ ಹೊಟ್ಟು ಸುಡುತ್ತಿದ್ದ ವಾಸನೆ. ದೂರದಲ್ಲಿ ಗಿರಣಿ ಗುಂಯ್‌ಗುಡುತ್ತಿತ್ತು. ಅಕ್ಕ ಅದನ್ನು ಕೇಳಿ ನಿಂತುಬಿಟ್ಟರು. ತಂತಿಯೊಳಗಿಂದ ಎಷ್ಟೋ ವರ್ಷ ಕೇಳಿದ ಸದ್ದನ್ನು ಗಾಳಿಯಲ್ಲಿ ಕೇಳುತ್ತಿರುವುದು ಇದೇ ಮೊದಲು ಎಂದರು. ನಾವು ದಂಡೆಯುದ್ದಕ್ಕೂ ನಡೆದೆವು. ಬಲೆ ಬಿಡಿಸುತ್ತಿದ್ದವರನ್ನು, ಪಂಪ್‌ಸೆಟ್ಟಿನ ಹತ್ತಿರ ಕೂತಿದ್ದ ಮುದುಕನನ್ನು, ಎಮ್ಮೆ ಹೊಡೆದುಕೊಂಡು ಹೊರಟವರನ್ನು ಕೇಳಿದೆವು. ಬಾತು ಬಂದಾಗ ಇಮೇಲ್ ಕಳಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದು ನನಗೇ ಹಾಸ್ಯಾಸ್ಪದ ಅನಿಸುತ್ತಿತ್ತು. ಅಕ್ಕನಿಗೆ ಅಂಥ ಸಂಕೋಚವೇ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನಮ್ಮನ್ನು ನೋಡಿದಳು.

“ಬಾತು ನೋಡಾಕ ಎಲ್ಲಾರೂ ಬರ್ತಾರ್ರಿ. ಯಾರು ಏನ್ ಕಳಸ್ತಾರ ಯಾರಿಗ್ ಗೊತ್ತು?” ಎಂದಳು.

ಮಂಜು ಹರಿಯುವ ಹೊತ್ತಿಗೆ ಹೊಳೆಯ ನಡುವಿನ ಮರಳ ದಿಬ್ಬ ಕಾಣಿಸಿತು. ದಿಬ್ಬದ ತುಂಬ ಹೆಬ್ಬಾತುಗಳು, ತಲೆಯ ಮೇಲೆ ಎರಡೆರಡು ಕಪ್ಪು ಪಟ್ಟಿ. ಒಂದು ಕೂಗಿದರೆ ಇನ್ನೊಂದು, ಅದಕ್ಕೆ ಮತ್ತೊಂದು, ದೊಡ್ಡ ಮನೆಯಲ್ಲಿ ನಂಟರು ಕೂತು ಹರಟಿದ ಹಾಗೆ. ಅಕ್ಕ ನೀರಿನಂಚಿಗೆ ಹೋಗಿ ಆ ಕಡೆಗೆ ತಮ್ಮ ಚಪ್ಪಟೆ ಕಿವಿ ಕೊಟ್ಟು ಬಹಳ ಹೊತ್ತು ನಿಂತರು. ಸೀರೆಯ ಅಂಚು ನೆನೆಯುತ್ತಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಆಮೇಲೆ ಒಂದು ಮಾತಾಡಿದರು. ಪಡಸಾಲೆಯ ಧ್ವನಿಯಲ್ಲ, ನಾನು ಎಂದೂ ಕೇಳಿರದ ಧ್ವನಿ. ಗಟ್ಟಿ, ಸ್ಪಷ್ಟ, ಇಪ್ಪತ್ತರ ಹುಡುಗಿಯದು.

“ಹಲೋ ಸಿರುಗುಪ್ಪ, ಬಳ್ಳಾರಿ ಮಾತಾಡೋದು. ನಂಬರ್ ಸರಿ ಇತ್ರಿ. ತಪ್ಪು ನಂದು.”

ಬಾತುಗಳು ಒಂದು ಕ್ಷಣ ಸುಮ್ಮನಾಗಿ ಮತ್ತೆ ಶುರು ಮಾಡಿದವು. ಬಲೆಯವರು, ಪಂಪ್‌ಸೆಟ್ಟಿನ ಮುದುಕ, ಬಟ್ಟೆ ಒಗೆಯುವವಳು, ದಾರಿಯಲ್ಲಿ ಸೈಕಲ್ ನಿಲ್ಲಿಸಿದ್ದ ಯಾರೋ ಇಬ್ಬರು, ಎಲ್ಲರೂ ಈ ಕಡೆ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ದಂಡೆ ಹತ್ತಿಸಿದೆ.

ಮನೆಗೆ ಬಂದು ಅಕ್ಕ ಅದೇ ಮಾತನ್ನು ಬಳಗಕ್ಕೂ ಬರೆದರು. ಹಳೆಯ ಮೇಲುಗಳನ್ನು ಹೊರಗಿನವರೂ ಓದಬಹುದಲ್ಲ, ಎಂದಾದರೂ ಕಣ್ಣಿಗೆ ಬೀಳಲಿ ಎಂದು. ಕೆಳಗೆ ತಮ್ಮ ಪ್ರಶ್ನೆಯನ್ನೂ ಹಾಕಿದರು, ಈಗ ನೀವು ಕುಂತಲ್ಲಿ ಏನೇನು ಕೇಳಸ್ತೈತಿ. ಉತ್ತರ ಬರಲಿಲ್ಲ. ಬಾಗಿಲು ಇನ್ನೊಂದು ಚಳಿಗಾಲದವರೆಗೆ ಹಾಗೇ ಇರಲಿ ಎಂದು ಈ ಸಲ ಹೇಳಿದವರು ಮೇಷ್ಟ್ರು. ಅಕ್ಕ ರಾಂಗ್ ನಂಬರಿನ ಸಾಲನ್ನು ತೆಗೆದುಹಾಕಿದರು. ಅವತ್ತಿನಿಂದ ಸ್ಪ್ಯಾಮನ್ನು ಸದ್ದಿಲ್ಲದೆ ಅಳಿಸಲು ಕಲಿತರು, ಆದರೆ ಅಳಿಸುವ ಮುನ್ನ ತುಟಿಯೊಳಗೇ ಏನೋ ಅಂದುಕೊಳ್ಳುತ್ತಿದ್ದರು. ನಾನು ಕೇಳಿಸದ ಹಾಗೆ ಇರುತ್ತಿದ್ದೆ.

ಬೇಸಿಗೆಯಲ್ಲಿ ಅಕ್ಕ ಹೋದರು. ಕಾಯಿಲೆ ಎನ್ನುವಂಥದ್ದೇನೂ ಇರಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಬಲ ಮಗ್ಗುಲಿಗೆ ಮಲಗಿದವರು ಏಳಲಿಲ್ಲ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದಾಗ ಹಾರ ಎಡಗಿವಿಗೆ ತಗಲುತ್ತಿತ್ತು. ಅವರ ತಂಗಿ ಬಂದು ಅದನ್ನು ಸರಿಸಿದರು. ಆ ಕಿವಿಗೆ ಏನಾದರೂ ತಾಗಿದರೆ ಅವಳಿಗಾಗುವುದಿಲ್ಲ ಎಂದರು. ಅವತ್ತು ನನಗೆ ಅಳು ತಡೆಯಲಾಗಲಿಲ್ಲ.

ತಡೆದ ಮೇಲುಗಳನ್ನು ನೋಡುವ ಕೆಲಸ ನನಗೆ ಬಂತು. ಬೇರೆ ಯಾರೂ ಒಪ್ಪಲಿಲ್ಲ ಎನ್ನುವುದೂ ನಿಜ. ಅಕ್ಕ ತೀರಿಕೊಂಡ ಸುದ್ದಿಯನ್ನು ಬಳಗಕ್ಕೆ ಬರೆದವಳೂ ನಾನೇ. ಸುದ್ದಿ ಬರೆದೆ, ಬಾಗಿಲು ಹಾಕಲಿಲ್ಲ. ಭಾನುವಾರಗಳಂದು ಅದೇ ಪಡಸಾಲೆಯಲ್ಲಿ, ಅದೇ ಸ್ಟೂಲಿನ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ. ಗಣಿತದವಳಿಗೆ ಇದು ಶೋಭೆಯಲ್ಲ, ಗೊತ್ತು. ಒಳಗಿನಿಂದ ಅವರ ತಂಗಿ, ಮನುಷ್ಯಾ ಅದಾನೇನು ಎಂದು ಕೇಳುತ್ತಾರೆ. ಹೆಚ್ಚಾಗಿ ಇರುವುದಿಲ್ಲ.

ಈ ಚಳಿಗಾಲದ ಒಂದು ಭಾನುವಾರ, ಸಾಲ ಕೊಡುತ್ತೇವೆ ಎನ್ನುವ ಒಂದು ಸ್ಪ್ಯಾಮಿಗೂ ಕೂದಲು ಬೆಳೆಸುತ್ತೇವೆ ಎನ್ನುವ ಇನ್ನೊಂದಕ್ಕೂ ನಡುವೆ ಒಂದು ಮೇಲ್ ನಿಂತಿತ್ತು. ಹೊಸ ವಿಳಾಸ, ಹೆಸರಿಲ್ಲ, ವಿಷಯದ ಸಾಲಿಲ್ಲ. ನಾನು ಓದಿದೆ. ಎರಡನೇ ಸಲ ಗಟ್ಟಿಯಾಗಿ ಓದಿದೆ.

“ಅಕ್ಕಾರ, ಬಂದವು. ಏನು ಕೇಳಸ್ತೈತಿ ಅಂತ ಕೇಳಿದ್ರಿ. ನೀರು. ಬಾತು. ಪಂಪ್‌ಸೆಟ್ಟು. ಹ್ವಾದ ವರ್ಷ ನೀವು ಹಲೋ ಅಂದದ್ದು.”

ಅಡುಗೆಮನೆಯಲ್ಲಿ ಎಣ್ಣೆಯ ಸದ್ದು ನಿಂತಿತು. ಅವರ ತಂಗಿ ಕೈಯಲ್ಲಿ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಹೊಳೆ ದಂಡೆಯಲ್ಲಿ ನಮ್ಮ ಕಡೆ ತಿರುಗಿದ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿನಲ್ಲಿ ಎಲ್ಲ ಮುಖಗಳೂ ಮಂಜಿನಲ್ಲೇ ಇದ್ದವು. ಅಕ್ಕ ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಬರೆದರೋ, ಅದನ್ನೂ ನಾನು ತಿಳಿಯಲಾರೆ. ಇಷ್ಟು ವರ್ಷ ಮಾತಾಡದವರು ಈಗ ಮಾತಾಡಿದ್ದರು, ಅದನ್ನು ಕೇಳಬೇಕಾಗಿದ್ದ ಕಿವಿ ಇರಲಿಲ್ಲ.

ತಲೆಯನ್ನು ಎಡಕ್ಕೆ ವಾಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ “ಮಾತಾಡ್ರಿ” ಎಂದು ಹೇಳಿ, ಗುಂಡಿ ಒತ್ತಿ, ಅದನ್ನು ಒಳಗೆ ಬಿಟ್ಟೆ.